ಏಳರಲ್ಲೊಂದು ಪಾಲಿನ ಜಗಳ: ವಿಲಿಯಂ ಲಯನ್ ಮೆಕೆಂಜಿಯ ಬದುಕು

ಮೆಕೆಂಜಿ ಎಂಬ ಹೆಸರು ಕನ್ನಡಿಗರಿಗೆ ಅಪರಿಚಿತವೇನಲ್ಲ. ಟಿಪ್ಪುವಿನ ಪತನಾನಂತರ ಮೈಸೂರು ಸೀಮೆಯ ಸರ್ವೆ ನಡೆಸಿ, ಊರೂರಿನ ಕೈಫಿಯತ್ತುಗಳನ್ನೂ ಶಾಸನಗಳನ್ನೂ ಸಂಗ್ರಹಿಸಿದ ಕರ್ನಲ್ ಕಾಲಿನ್ ಮೆಕೆಂಜಿಯನ್ನು ನಮ್ಮ ಇತಿಹಾಸಕಾರರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ಕೆನಡಾದಲ್ಲಿ ಬೇರುಬಿಟ್ಟಿರುವ ನಾವು ತಿಳಿಯಬೇಕಾದ ಇನ್ನೊಬ್ಬ ಮೆಕೆಂಜಿ ಇದ್ದಾನೆ. ಆತನೂ ಸ್ಕಾಟ್ಲೆಂಡಿನವನೇ. ಕಾಲಿನ್ ಮೆಕೆಂಜಿ ನೆಲವನ್ನು ಅಳೆದವನಾದರೆ, ಈ ವಿಲಿಯಂ ಲಯನ್ ಮೆಕೆಂಜಿ ಅಳೆದ ನೆಲ ಯಾರ ಪಾಲಾಯಿತು ಎಂದು ಕೇಳಿದವನು. ನಮ್ಮ ಮಕ್ಕಳು ಇಲ್ಲಿನ ಶಾಲೆಗಳಲ್ಲಿ ಆತನ ಹೆಸರನ್ನು ಓದಿಕೊಂಡು ಬರುತ್ತಾರೆ. ಟೊರಾಂಟೊ ನಗರದ ಮೊದಲ ಮೇಯರ್, 1837ರ ದಂಗೆಯ ನಾಯಕ ಎಂಬಷ್ಟು ಅವರಿಗೆ ಗೊತ್ತು. ದಂಗೆ ಏಕಾಯಿತು ಎಂದು ಅವರು ತಿರುಗಿ ಕೇಳಿದರೆ ಹೇಳಲು ನಮ್ಮಲ್ಲೂ ಒಂದಿಷ್ಟು ವಿಷಯವಿರಲಿ ಎಂಬ ಆಸೆಯಿಂದ, ಸಂಘದ ಸ್ಥಾಪನೆಯ ನೆನಪಿನ ಈ ಸಂಚಿಕೆಗೆ ಆತನ ಜೀವನಕಥೆಯನ್ನು ಆರಿಸಿಕೊಂಡಿದ್ದೇವೆ.

ನೇಕಾರನ ಮಗ

ವಿಲಿಯಂ ಲಯನ್ ಮೆಕೆಂಜಿ ಹುಟ್ಟಿದ್ದು 1795ರ ಮಾರ್ಚ್ 12ರಂದು, ಸ್ಕಾಟ್ಲೆಂಡಿನ ಡಂಡೀ ಪಟ್ಟಣದಲ್ಲಿ. ತಂದೆ ಡೇನಿಯಲ್ ವೃತ್ತಿಯಲ್ಲಿ ನೇಕಾರ. ಮಗು ಹುಟ್ಟಿದ ಕೆಲವೇ ವಾರಗಳಲ್ಲಿ ತಂದೆ ತೀರಿಕೊಂಡ. ತಾಯಿ ಎಲಿಜಬೆತ್ ಬಡತನದಲ್ಲೇ ಮಗನನ್ನು ಸಾಕಿ, ದೈವಭಕ್ತಿಯನ್ನೂ ಓದಿನ ಹುಚ್ಚನ್ನೂ ಕಲಿಸಿದಳು. 1806ರಿಂದ 1819ರ ನಡುವೆ ತಾನು ಓದಿದ ಪುಸ್ತಕಗಳ ಪಟ್ಟಿಯೊಂದನ್ನು ಮೆಕೆಂಜಿ ಬರೆದಿಟ್ಟಿದ್ದ. ಅದರಲ್ಲಿ 958 ಪುಸ್ತಕಗಳ ಹೆಸರಿವೆ!

ತಾಯಿಯೊಡನೆ ಇಟ್ಟ ಅಂಗಡಿ ದಿವಾಳಿಯಾಯಿತು. ಆ ಹೊತ್ತಿಗೆ ಮದುವೆಯಿಲ್ಲದೆ ಹುಟ್ಟಿದ ಒಬ್ಬ ಮಗನೂ ಇದ್ದ. ಆ ಮಗುವನ್ನು ಸಾಕಿದವಳೂ ಅಜ್ಜಿಯೇ. ಕಡೆಗೆ 1820ರಲ್ಲಿ, ಇಪ್ಪತ್ತೈದರ ಹರೆಯದಲ್ಲಿ, ಮೆಕೆಂಜಿ ಕೆನಡಾಕ್ಕೆ ಹಡಗು ಹತ್ತಿದ. ಎರಡು ವರ್ಷಗಳ ತರುವಾಯ ತಾಯಿ ಮಗುವನ್ನೂ, ಮಗನಿಗೆಂದು ನೋಡಿದ್ದ ಕನ್ಯೆ ಇಸಬೆಲ್ ಬ್ಯಾಕ್ಸ್‌ಟರಳನ್ನೂ ಕರೆದುಕೊಂಡು ಬಂದಳು. 1822ರ ಜುಲೈ 1ರಂದು ಮಾಂಟ್ರಿಯಲ್‌ನಲ್ಲಿ ಮದುವೆ ನಡೆಯಿತು. ಮೊದಲು ಮಗ, ಆಮೇಲೆ ಹೆಂಡತಿ, ತಾಯಿ, ಮಗು ಎಂಬ ಈ ವಲಸೆಯ ಕ್ರಮವನ್ನು ನಮ್ಮಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ.

ಏಳರಲ್ಲೊಂದು ಪಾಲು

ಆತ ಬಂದಿಳಿದ ಪ್ರಾಂತ್ಯದ ಹೆಸರು ಆಗ ಅಪ್ಪರ್ ಕೆನಡಾ, ಅಂದರೆ ಇಂದಿನ ಆಂಟೇರಿಯೊದ ದಕ್ಷಿಣ ಭಾಗ. ರಾಜಧಾನಿ ಯಾರ್ಕ್ ಎಂಬ ಕೆಸರಿನ ಸಣ್ಣ ಊರು. ಅಲ್ಲಿನ ರಾಜಕೀಯವೆಲ್ಲ ನೆಲದ ಸುತ್ತಲೇ ತಿರುಗುತ್ತಿತ್ತು. ಅದರ ಲೆಕ್ಕಾಚಾರವನ್ನು ಸ್ವಲ್ಪ ತಿಳಿಯದಿದ್ದರೆ ಮೆಕೆಂಜಿಯ ಸಿಟ್ಟು ಅರ್ಥವಾಗುವುದಿಲ್ಲ.

1791ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಈ ಪ್ರಾಂತ್ಯಕ್ಕೆ ಒಂದು ರಾಜ್ಯಾಂಗವನ್ನು ಕೊಟ್ಟಿತು. ಅದರ ಪ್ರಕಾರ ಹೊಸದಾಗಿ ಜಮೀನು ಹಂಚುವಾಗಲೆಲ್ಲ ಏಳರಲ್ಲೊಂದು ಪಾಲನ್ನು ಪ್ರಾಟೆಸ್ಟೆಂಟ್ ಪಾದ್ರಿಗಳ ನಿರ್ವಹಣೆಗೆಂದು ಎತ್ತಿಡಬೇಕು. ಇದೇ ಕ್ಲರ್ಜಿ ರಿಸರ್ವ್. ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ ಧರ್ಮದಾಯ ದತ್ತಿ ಅಥವಾ ಇನಾಂ ಜಮೀನು. ಇದಲ್ಲದೆ ಇನ್ನೊಂದು ಏಳನೆಯ ಪಾಲು ದೊರೆಯ ಹೆಸರಿಗೆ. ಪಾದ್ರಿಗಳ ಪಾಲೇ ಒಟ್ಟು ಸುಮಾರು 24 ಲಕ್ಷ ಎಕರೆಯಷ್ಟಾಯಿತು.

ಈ ಜಮೀನು ಒಂದೇ ಕಡೆ ಇದ್ದಿದ್ದರೆ ರೈತನಿಗೆ ಅಷ್ಟು ತೊಂದರೆಯಾಗುತ್ತಿರಲಿಲ್ಲವೇನೋ. ಆದರೆ ಚದುರಂಗದ ಮಣೆಯ ಮನೆಗಳಂತೆ ಅದನ್ನು ಪ್ರತಿ ಟೌನ್‌ಶಿಪ್ಪಿನಲ್ಲೂ 200 ಎಕರೆಗಳ ತುಂಡುಗಳಾಗಿ ಹರಡಿದ್ದರು. ರೈತ ತನ್ನ ಪಾಲಿನ ಕಾಡು ಕಡಿದು, ಮುಂದಿನ ರಸ್ತೆಯನ್ನು ತಾನೇ ಮಾಡಬೇಕು. ಪಕ್ಕದ ದತ್ತಿ ಜಮೀನಿನಲ್ಲಿ ಕಾಡು ಹಾಗೆಯೇ ನಿಂತಿರುತ್ತಿತ್ತು. ಅಲ್ಲಿಗೆ ರಸ್ತೆ ತುಂಡಾಗುತ್ತಿತ್ತು. ಹಿಟ್ಟಿನ ಗಿರಣಿಗೆ, ಶಾಲೆಗೆ, ವೈದ್ಯನ ಮನೆಗೆ ಹೋಗಬೇಕೆಂದರೂ ಆ ಕಾಡನ್ನು ದಾಟಬೇಕು. ರೈತ ಬೆವರು ಸುರಿಸಿ ತನ್ನ ನೆಲವನ್ನು ಹದಮಾಡಿದಷ್ಟೂ ಪಕ್ಕದ ಪಾಳುಜಮೀನಿನ ಬೆಲೆ ಏರುತ್ತಿತ್ತು. ರಾಬರ್ಟ್ ಗೌರ್ಲೆ ಎಂಬ ಮತ್ತೊಬ್ಬ ಸ್ಕಾಟ್ಲೆಂಡಿನವನು 1817ರಲ್ಲಿ ಟೌನ್‌ಶಿಪ್ಪುಗಳಿಗೆ ಪ್ರಶ್ನಾವಳಿ ಕಳಿಸಿ, ನಿಮ್ಮ ಪ್ರಗತಿಗೆ ಅಡ್ಡಿ ಯಾವುದೆಂದು ವಿಚಾರಿಸಿದ. ಈ ಮೀಸಲು ಜಮೀನುಗಳೇ ಎಂಬ ಉತ್ತರ ಕಡೆ ಕಡೆಗಳಿಂದ ಬಂತು. ಸರ್ಕಾರ ಪ್ರಶ್ನೆ ಕೇಳಿದವನನ್ನು ಜೈಲಿಗೆ ಹಾಕಿ, 1819ರಲ್ಲಿ ಗಡೀಪಾರು ಮಾಡಿತು.

ಸರ್ಕಾರವೆಂದರೆ ಯಾರು? ಗವರ್ನರನ ಸುತ್ತ ಕುಳಿತ, ಪರಸ್ಪರ ನೆಂಟಸ್ತಿಕೆ ಸ್ನೇಹಗಳಿಂದ ಹೆಣೆದುಕೊಂಡ ಕೆಲವೇ ಮನೆತನಗಳು. ಇವರಿಗೆ ಜನ ಫ್ಯಾಮಿಲಿ ಕಾಂಪ್ಯಾಕ್ಟ್ ಎಂದು ಹೆಸರಿಟ್ಟಿದ್ದರು. ಜಮೀನು ಹಂಚುವವರೂ ಇವರೇ, ಪಡೆಯುವವರೂ ಇವರೇ. ಕೌನ್ಸಿಲ್ ಸದಸ್ಯನಿಗೆ 5,000 ಎಕರೆ, ಅವನ ಮಕ್ಕಳಿಗೆ ತಲಾ 1,200 ಎಕರೆ ಎಂಬ ಧಾರಾಳವಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಇವರ ಗುರುಸ್ಥಾನದಲ್ಲಿದ್ದವನು ಜಾನ್ ಸ್ಟ್ರಾಕನ್ ಎಂಬ ಆಂಗ್ಲಿಕನ್ ಪಾದ್ರಿ, ಮುಂದೆ ಟೊರಾಂಟೊದ ಬಿಷಪ್ ಆದವನು. ದತ್ತಿ ಜಮೀನಿನ ಉತ್ಪತ್ತಿಯೆಲ್ಲ ಇಂಗ್ಲೆಂಡಿನ ಚರ್ಚಿಗೇ ಸೇರಬೇಕೆಂಬುದು ಆತನ ವಾದ. ಆದರೆ ಪ್ರಾಂತ್ಯದ ಬಹುಸಂಖ್ಯಾತರು ಆ ಚರ್ಚಿನವರಲ್ಲ. ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಬ್ಯಾಪ್ಟಿಸ್ಟರು, ಕ್ಯಾಥೊಲಿಕ್ಕರು. 1827ರಲ್ಲಿ ಸ್ಟ್ರಾಕನ್ ಕಿಂಗ್ಸ್ ಕಾಲೇಜಿಗೆ ಸನ್ನದು ತಂದ. ಅದಕ್ಕೂ 2 ಲಕ್ಷ 25 ಸಾವಿರ ಎಕರೆಯಷ್ಟು ಸಾರ್ವಜನಿಕ ಜಮೀನು ದತ್ತಿಯಾಯಿತು. ಇಂದು ನಮ್ಮ ಮಕ್ಕಳು ಸೇರಲು ಹಾತೊರೆಯುವ ಟೊರಾಂಟೊ ವಿಶ್ವವಿದ್ಯಾಲಯದ ಮೂಲ ಅದೇ ಕಾಲೇಜು.

ಸರೋವರಕ್ಕೆ ಬಿದ್ದ ಅಚ್ಚಿನ ಮೊಳೆಗಳು

ಯಾರ್ಕ್, ಡಂಡಾಸ್, ಕ್ವೀನ್ಸ್‌ಟನ್ ಎಂದು ಊರೂರಲ್ಲಿ ಅಂಗಡಿ ನಡೆಸಿದ ಮೆಕೆಂಜಿ, 1824ರ ಮೇ 18ರಂದು ಕೊಲೋನಿಯಲ್ ಅಡ್ವೊಕೇಟ್ ಎಂಬ ಪತ್ರಿಕೆಯನ್ನು ಆರಂಭಿಸಿದ. ಅದೇ ವರ್ಷ ಜನರಲ್ ಬ್ರಾಕ್‌ನ ಸ್ಮಾರಕಕ್ಕೆ ಅಡಿಗಲ್ಲಿಡುವಾಗ ಪತ್ರಿಕೆಯ ಒಂದು ಪ್ರತಿಯನ್ನು ಅಡಿಪಾಯದೊಳಗೆ ಸೇರಿಸಲಾಗಿತ್ತು. ಗವರ್ನರ್ ಮೈಟ್‌ಲೆಂಡ್‌ಗೆ ಸುದ್ದಿ ಮುಟ್ಟಿತು. ಅಡಿಪಾಯ ಅಗೆಸಿ ಆ ಪ್ರತಿಯನ್ನು ತೆಗೆಸಿದ ಮೇಲೆಯೇ ಆತನಿಗೆ ಸಮಾಧಾನ!

ಪತ್ರಿಕೆಯನ್ನು ಯಾರ್ಕಿಗೆ ತಂದ ಮೇಲೆ ಮೆಕೆಂಜಿಯ ನಾಲಿಗೆ ಇನ್ನಷ್ಟು ಹರಿತವಾಯಿತು. ಜಮೀನಿನ ಲೆಕ್ಕಗಳ ಜೊತೆಗೆ ಅಧಿಕಾರಸ್ಥರ ಮನೆಯ ವಿಷಯಗಳನ್ನೂ ಆತ ಬರೆದ. ಅವರ ಹುಟ್ಟು ಕುಲಗಳನ್ನು ಹೀಯಾಳಿಸಿದ. ಇದು ಆತನ ದೊಡ್ಡ ದೌರ್ಬಲ್ಯ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯುತ್ತಿರಲಿಲ್ಲ. 1826ರ ಜೂನ್ 8ರಂದು ಆ ಮನೆತನಗಳ ಯುವಕರು ಹಾಡಹಗಲೇ ಆತನ ಮುದ್ರಣಾಲಯಕ್ಕೆ ನುಗ್ಗಿ, ಯಂತ್ರ ಮುರಿದು, ಅಚ್ಚಿನ ಮೊಳೆಗಳನ್ನು ಒಯ್ದು ಸರೋವರಕ್ಕೆ ಸುರಿದರು. ಮೆಕೆಂಜಿ ಆಗ ಊರಲ್ಲಿರಲಿಲ್ಲ. ಸಾಲಗಾರರಿಗೆ ಹೆದರಿ ಗಡಿಯಾಚೆ ಹೋಗಿದ್ದ. ಪತ್ರಿಕೆ ಮುಚ್ಚುವ ಸ್ಥಿತಿಯಲ್ಲಿತ್ತು. ನ್ಯಾಯಾಲಯ 625 ಪೌಂಡು ಪರಿಹಾರ ಕೊಡಿಸಿತು. ಆ ಹಣದಿಂದ ಸಾಲ ತೀರಿಸಿ ಪತ್ರಿಕೆಯನ್ನು ಆತ ಮತ್ತೆ ಕಟ್ಟಿದ. ಮುಳುಗುತ್ತಿದ್ದ ಪತ್ರಿಕೆಯನ್ನು ವೈರಿಗಳೇ ಎತ್ತಿ ನಿಲ್ಲಿಸಿದಂತಾಯಿತು.

ಸಭೆಯಿಂದ ಹೊರಗೆ, ಸಭೆಯ ಒಳಗೆ

1828ರಲ್ಲಿ ಯಾರ್ಕ್ ಕೌಂಟಿಯ ರೈತರು ಮೆಕೆಂಜಿಯನ್ನು ಶಾಸನಸಭೆಗೆ ಆರಿಸಿದರು. ಆತ ಬ್ಯಾಂಕಿನ ಲೆಕ್ಕ, ಕಾಲುವೆಯ ಲೆಕ್ಕ, ಪಾದ್ರಿಗಳ ಸಂಬಳದ ಲೆಕ್ಕ ಹೀಗೆ ಒಂದೊಂದನ್ನೇ ಕೆದಕಿದ. ಸಭೆಯನ್ನು ಪತ್ರಿಕೆಯಲ್ಲಿ ನಿಂದಿಸಿದನೆಂದು 1831ರ ಡಿಸೆಂಬರಿನಲ್ಲಿ ಆತನನ್ನು ಉಚ್ಚಾಟಿಸಿದರು. 1832ರ ಜನವರಿ 2ರಂದು ಮರುಚುನಾವಣೆ ನಡೆಯಿತು. ಮೆಕೆಂಜಿಗೆ 119 ಮತ, ಎದುರಾಳಿಗೆ ಒಂದೇ ಒಂದು! ಜನ ಆತನ ಕೊರಳಿಗೆ ಚಿನ್ನದ ಪದಕ ಹಾಕಿ, ಹಿಮದ ಮೇಲೆ ಸ್ಲೆಜ್ ಬಂಡಿಗಳ ಮೆರವಣಿಗೆಯಲ್ಲಿ ಕರೆತಂದರು. ಸಭೆ ಕೆಲವೇ ದಿನಗಳಲ್ಲಿ ಮತ್ತೆ ಹೊರಹಾಕಿತು. ಜನ ಮತ್ತೆ ಆರಿಸಿದರು. ಇದು ಮತ್ತೆ ಮತ್ತೆ ನಡೆಯಿತು.

ಅದೇ ವರ್ಷ ಮೆಕೆಂಜಿ ಜನರ ಅಹವಾಲುಗಳ ಕಂತೆ ಹೊತ್ತು ಲಂಡನ್ನಿಗೆ ಹೋದ. ವಸಾಹತು ಮಂತ್ರಿ ಲಾರ್ಡ್ ಗೋಡ್ರಿಚ್ ಆತನ ಮಾತು ಕೇಳಿದ. ಉಚ್ಚಾಟನೆಯಲ್ಲಿ ಕೈಯಾಡಿಸಿದ್ದ ಪ್ರಾಂತ್ಯದ ಇಬ್ಬರು ಕಾನೂನು ಅಧಿಕಾರಿಗಳು 1833ರಲ್ಲಿ ಕೆಲಸ ಕಳೆದುಕೊಂಡರು. ಆದರೆ ಗೋಡ್ರಿಚ್ ಬದಲಾಗಿ ಬಂದ ಮಂತ್ರಿ ಅವರಲ್ಲೊಬ್ಬನಿಗೆ ಕೆಲಸ ಮರಳಿ ಕೊಟ್ಟ. ಲಂಡನ್ನಿನ ನ್ಯಾಯದ ಮೇಲೆ ಮೆಕೆಂಜಿಗಿದ್ದ ಭರವಸೆ ಅಲ್ಲಿಂದ ಕುಂದತೊಡಗಿತು.

1834ರ ಮಾರ್ಚ್ 6ರಂದು ಯಾರ್ಕ್ ಊರು ಟೊರಾಂಟೊ ನಗರವಾಯಿತು. ಹೊಸ ನಗರಸಭೆ ಮೆಕೆಂಜಿಯನ್ನೇ ಮೇಯರನನ್ನಾಗಿ ಆರಿಸಿತು. ಆ ಬೇಸಿಗೆಯಲ್ಲಿ ಊರಿಗೆ ಕಾಲರಾ ಬಂತು. ವೈದ್ಯರಾದ ನಮಗೆ ಆತನ ಜೀವನದ ಈ ಪುಟ ವಿಶೇಷವಾಗಿ ಮನಮುಟ್ಟುತ್ತದೆ. ಕಾಲರಾ ಕೊಳಕು ನೀರಿನಿಂದ ಹರಡುತ್ತದೆಂದು ಲಂಡನ್ನಿನಲ್ಲಿ ಜಾನ್ ಸ್ನೋ ತೋರಿಸಿಕೊಟ್ಟದ್ದು ಇಪ್ಪತ್ತು ವರ್ಷಗಳ ಅನಂತರ, 1854ರಲ್ಲಿ. ಇಂದು ಉಪ್ಪು ಸಕ್ಕರೆ ಬೆರೆಸಿದ ಶುದ್ಧ ನೀರಿನಿಂದ ಉಳಿಸಬಹುದಾದ ಎಷ್ಟೋ ಜೀವಗಳು ಆಗ ಕೆಲವೇ ಗಂಟೆಗಳಲ್ಲಿ ಬಾಡಿಹೋಗುತ್ತಿದ್ದವು. ಅಂಥ ಹೊತ್ತಿನಲ್ಲಿ ಮೇಯರ್ ಸ್ವತಃ ರೋಗಿಗಳನ್ನು ಗಾಡಿಯಲ್ಲಿ ಆಸ್ಪತ್ರೆಗೆ ಸಾಗಿಸಿದ. ತನಗೂ ರೋಗ ತಗುಲಿ ಮಲಗಿ, ಹೇಗೋ ಬದುಕಿಕೊಂಡ. ರಸ್ತೆ ಬದಿಗೆ ಹಲಗೆಯ ಕಾಲುದಾರಿ ಹಾಕಿಸಲು ಕಂದಾಯ ಏರಿಸಿದ್ದಕ್ಕಾಗಿ ಮರುವರ್ಷದ ಚುನಾವಣೆಯಲ್ಲಿ ಮಾತ್ರ ಸೋತ.

ಯಂಗ್ ಸ್ಟ್ರೀಟಿನ ದಂಗೆ

1836ರ ಜನವರಿಯಲ್ಲಿ ಗವರ್ನರ್ ಕೋಲ್ಬೋರ್ನ್ ಅಧಿಕಾರ ಬಿಟ್ಟು ಹೊರಡುವ ಮುನ್ನ, ಶಾಸನಸಭೆಯನ್ನು ಕೇಳದೆ, ಆಂಗ್ಲಿಕನ್ ಚರ್ಚಿನ 44 ಪಾದ್ರಿ ಪೀಠಗಳಿಗೆ ದತ್ತಿ ಜಮೀನನ್ನು ಬರೆದುಕೊಟ್ಟ. ಸುದ್ದಿ ಹೊರಬಿದ್ದಾಗ ಇತರ ಪಂಥದವರೆಲ್ಲ ಕೆರಳಿದರು. ಹೊಸ ಗವರ್ನರ್ ಫ್ರಾನ್ಸಿಸ್ ಬಾಂಡ್ ಹೆಡ್ ಆ ವರ್ಷದ ಚುನಾವಣೆಯಲ್ಲಿ ತಾನೇ ಪ್ರಚಾರಕ್ಕಿಳಿದು, ಸುಧಾರಣಾವಾದಿಗಳಿಗೆ ಓಟು ಹಾಕುವುದೆಂದರೆ ರಾಜದ್ರೋಹ ಎಂಬ ಭಾವನೆ ಹುಟ್ಟಿಸಿದ. ಮೆಕೆಂಜಿಯೂ ಸೋತ. 1837ರಲ್ಲಿ ಬೆಳೆ ಕೆಟ್ಟು, ಬ್ಯಾಂಕುಗಳು ಮುಗ್ಗರಿಸಿ, ರೈತರ ಸಾಲ ಕುತ್ತಿಗೆಗೆ ಬಂತು. ಪಕ್ಕದ ಲೋಯರ್ ಕೆನಡಾದಲ್ಲಿ ಫ್ರೆಂಚರ ದಂಗೆಯೆದ್ದು, ಟೊರಾಂಟೊದ ಸೈನ್ಯವೆಲ್ಲ ಅತ್ತ ಹೋಯಿತು. ಇದೇ ಸಮಯವೆಂದು ಮೆಕೆಂಜಿ ನಿರ್ಧರಿಸಿದ.

ಅದೇ 1837ರ ಏಪ್ರಿಲಿನಲ್ಲಿ ನಮ್ಮ ನಾಡಿನ ಅಮರ ಸುಳ್ಯದ ರೈತರೂ ಕಂಪನಿ ಸರ್ಕಾರದ ಮೇಲೆ ದಂಗೆಯೆದ್ದು ಮಂಗಳೂರಿನವರೆಗೆ ಬಂದಿದ್ದರು ಎಂಬುದನ್ನು ಇಲ್ಲಿ ನೆನೆಯಬಹುದು. ಧಾನ್ಯದ ಬದಲು ನಗದಿನಲ್ಲೇ ಕಂದಾಯ ಕಟ್ಟಬೇಕೆಂಬುದು ಅಲ್ಲಿನ ಸಂಕಟಗಳಲ್ಲೊಂದು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿದಿರಲಾರದು. ಆದರೂ ಒಂದೇ ಸಾಮ್ರಾಜ್ಯದ ಎರಡು ಮೂಲೆಗಳಲ್ಲಿ, ಒಂದೇ ವರ್ಷ, ನೆಲದ ದುಃಖಕ್ಕೆ ರೈತರು ಆಯುಧ ಹಿಡಿದರು.

ಡಿಸೆಂಬರ್ 7ಕ್ಕೆ ನಿಗದಿಯಾಗಿದ್ದ ದಂಗೆಯ ದಿನವನ್ನು ಒಳಗಿನವರೇ 4ಕ್ಕೆ ತಂದು ಗೊಂದಲವಾಯಿತು. ಯಂಗ್ ಸ್ಟ್ರೀಟಿನ ಮಾಂಟ್‌ಗೊಮೆರಿ ಹೋಟೆಲಿನಲ್ಲಿ ರೈತರು ಸೇರಿದರು. ಕೆಲವರ ಕೈಯಲ್ಲಿ ಬಂದೂಕು, ಹಲವರ ಕೈಯಲ್ಲಿ ಭರ್ಜಿ, ದೊಣ್ಣೆ. 5ರ ಸಂಜೆ ನಗರದತ್ತ ಬರುವಾಗ ಶೆರೀಫನ ಸಣ್ಣ ಕಾವಲುಪಡೆ ಗುಂಡು ಹಾರಿಸಿ ತಾನೇ ಓಡಿಹೋಯಿತು. ದಂಗೆಕಾರರ ಮುಂದಿನ ಸಾಲಿನವರು ಗುಂಡು ಹಾರಿಸಿ, ಹಿಂದಿನವರಿಗೆ ಎಡೆಮಾಡಿಕೊಡಲು ನೆಲಕ್ಕೆ ಬಾಗಿದರು. ಅವರೆಲ್ಲ ಸತ್ತರೆಂದು ಭಾವಿಸಿ ಹಿಂದಿನವರೂ ಓಡಿದರು! 7ರಂದು ಸಾವಿರಕ್ಕೂ ಹೆಚ್ಚು ಸರ್ಕಾರಿ ನಿಷ್ಠರು ಫಿರಂಗಿಯೊಡನೆ ಬಂದರು. ಅರ್ಧ ಗಂಟೆಯೊಳಗೆ ಎಲ್ಲ ಮುಗಿಯಿತು. ತಲೆಗೆ 1,000 ಪೌಂಡು ಬಹುಮಾನ ಘೋಷಿತವಾಗಿದ್ದ ಮೆಕೆಂಜಿಯನ್ನು ರೈತರು ಮನೆಯಿಂದ ಮನೆಗೆ ಅಡಗಿಸಿ ಗಡಿ ದಾಟಿಸಿದರು. ಯಾರೂ ಹಣಕ್ಕಾಗಿ ಆತನನ್ನು ಹಿಡಿದುಕೊಡಲಿಲ್ಲ.

ಈ ಚಳವಳಿಯಲ್ಲಿ ನಮ್ಮ ವೃತ್ತಿಯವರೂ ಇದ್ದರು. ಡಾಕ್ಟರ್ ಜಾನ್ ರಾಲ್ಫ್ ದೇಶಬಿಟ್ಟು ಓಡಿ, 1843ರಲ್ಲಿ ಮರಳಿ ಬಂದು ಟೊರಾಂಟೊದಲ್ಲಿ ವೈದ್ಯಕೀಯ ಶಾಲೆ ತೆರೆದರು. ಡಾಕ್ಟರ್ ಚಾರ್ಲ್ಸ್ ಡನ್‌ಕೂಂಬ್ ಪಶ್ಚಿಮ ಭಾಗದ ದಂಗೆಗೆ ಮುಂದಾಳಾಗಿ ಅಮೆರಿಕಕ್ಕೆ ತಪ್ಪಿಸಿಕೊಂಡರು. ಅದಕ್ಕೂ ಹಿಂದಿನ ವರ್ಷ ಟೊರಾಂಟೊದ ಮೇಯರ್ ಆಗಿದ್ದ ಡಾಕ್ಟರ್ ಥಾಮಸ್ ಮಾರಿಸನ್ ರಾಜದ್ರೋಹದ ವಿಚಾರಣೆ ಎದುರಿಸಿ ಬಿಡುಗಡೆಯಾದರು.

ಎಲ್ಲರೂ ಹಾಗೆ ಪಾರಾಗಲಿಲ್ಲ. ಕಮ್ಮಾರ ಸ್ಯಾಮ್ಯುಯೆಲ್ ಲೌಂಟ್ ಮತ್ತು ರೈತ ಪೀಟರ್ ಮ್ಯಾಥ್ಯೂಸ್ ಅವರನ್ನು 1838ರ ಏಪ್ರಿಲ್ 12ರಂದು ಟೊರಾಂಟೊದಲ್ಲಿ ಗಲ್ಲಿಗೇರಿಸಿದರು. ಸಾವಿರಾರು ಜನ ಸಹಿ ಹಾಕಿ ಬೇಡಿಕೊಂಡರೂ ಗವರ್ನರ್ ಆರ್ಥರ್ ಕರಗಲಿಲ್ಲ. ನಾಯಕ ತಪ್ಪಿಸಿಕೊಂಡ, ಹಿಂಬಾಲಕರು ನೇಣಿಗೇರಿದರು ಎಂಬ ಮಾತು ಮೆಕೆಂಜಿಯ ಬೆನ್ನಿಗೆ ಅಂಟಿಯೇ ಉಳಿಯಿತು. ಆ ಮಾತನ್ನು ಪೂರಾ ಅಳಿಸಲು ನಮಗೂ ಸಾಧ್ಯವಿಲ್ಲ.

ದೇಶಭ್ರಷ್ಟ

ಮೆಕೆಂಜಿ ನಯಾಗರಾ ನದಿಯ ನೇವಿ ದ್ವೀಪದಲ್ಲಿ ಧ್ವಜ ಹಾರಿಸಿ, ತಾತ್ಕಾಲಿಕ ಸರ್ಕಾರ ಘೋಷಿಸಿದ. ಸೇರಬಂದ ಸ್ವಯಂಸೇವಕರಿಗೆ ಆತ ಕೊಟ್ಟ ಆಶ್ವಾಸನೆ ಏನು ಗೊತ್ತೇ? ತಲಾ 300 ಎಕರೆ ಸಾರ್ವಜನಿಕ ಜಮೀನು ಮತ್ತು 100 ಬೆಳ್ಳಿ ಡಾಲರು! ನೆಲದ ದಾನದ ವಿರುದ್ಧ ಹದಿಮೂರು ವರ್ಷ ಬರೆದವನು ಕಡೆಗೆ ನೆಲದ ದಾನವನ್ನೇ ಆಸೆ ತೋರಿಸಬೇಕಾಯಿತು. ದ್ವೀಪಕ್ಕೆ ಸಾಮಾನು ಸಾಗಿಸುತ್ತಿದ್ದ ಕೆರೊಲೈನ್ ಎಂಬ ಅಮೆರಿಕದ ಹಡಗನ್ನು ಡಿಸೆಂಬರ್ 29ರ ರಾತ್ರಿ ಕರ್ನಲ್ ಆಲನ್ ಮ್ಯಾಕ್‌ನಾಬ್‌ನ ಆಜ್ಞೆಯಂತೆ ಸುಟ್ಟರು. ಜನವರಿಯಲ್ಲಿ ದ್ವೀಪವೂ ಕೈಬಿಟ್ಟಿತು.

ತಟಸ್ಥ ನೀತಿಯ ಕಾನೂನು ಮುರಿದನೆಂದು ಅಮೆರಿಕವೂ 1839ರಲ್ಲಿ ಆತನನ್ನು ರಾಚೆಸ್ಟರಿನ ಜೈಲಿಗೆ ಹಾಕಿತು. ಜೈಲಿನಲ್ಲಿದ್ದಾಗಲೇ ತಾಯಿ ತೀರಿಕೊಂಡಳು. ತನ್ನನ್ನು ಸಾಕಿ, ಸಾಗರ ದಾಟಿ ಹಿಂದೆ ಬಂದಿದ್ದ ತಾಯಿಯ ಶವಯಾತ್ರೆಯನ್ನು ಆತ ಜೈಲಿನ ಕಿಟಕಿಯಿಂದ ನೋಡಬೇಕಾಯಿತು. 1840ರ ಮೇ ತಿಂಗಳಲ್ಲಿ ಅಧ್ಯಕ್ಷ ವ್ಯಾನ್ ಬ್ಯೂರೆನ್ ಕ್ಷಮಾದಾನ ಕೊಟ್ಟ. ಅಲ್ಲಿಂದ ಹತ್ತು ವರ್ಷ ನ್ಯೂಯಾರ್ಕಿನಲ್ಲಿ ಗುಮಾಸ್ತಗಿರಿ, ಪತ್ರಿಕಾ ಬರಹ, ದೊಡ್ಡ ಸಂಸಾರ, ತೀರದ ಬಡತನ. ದೂರದಿಂದ ಕಂಡ ಅಮೆರಿಕದ ಪ್ರಜಾಪ್ರಭುತ್ವವನ್ನು ಒಂದು ಕಾಲದಲ್ಲಿ ಹಾಡಿಹೊಗಳಿದವನಿಗೆ ಹತ್ತಿರದಿಂದ ಕಂಡದ್ದು ಪಕ್ಷದ ಹಣ, ಪದವಿ ಹಂಚುವ ಆಟ. ಆತ ಬಹಳ ನಿರಾಶನಾದ.

ಇತ್ತ ದಂಗೆಯ ಕಾರಣ ತಿಳಿಯಲು ಬಂದ ಲಾರ್ಡ್ ಡರ್ಹ್ಯಾಮ್ 1839ರಲ್ಲಿ ವರದಿ ಕೊಟ್ಟ. ಅಪ್ಪರ್ ಕೆನಡಾದಲ್ಲಿ ಸರ್ವೆಯಾದ ಸುಮಾರು 170 ಲಕ್ಷ ಎಕರೆಗಳಲ್ಲಿ ಹಂಚದೆ ಉಳಿದದ್ದು 16 ಲಕ್ಷಕ್ಕಿಂತ ಕಡಿಮೆ, ಹಂಚಿದ್ದರಲ್ಲಿ ಜನ ವಾಸವಾಗಿರುವುದು ಹತ್ತರಲ್ಲೊಂದು ಪಾಲೂ ಇರಲಾರದು ಎಂಬುದು ಅದರ ತಾತ್ಪರ್ಯ. ಮೆಕೆಂಜಿ ಬರೆದುದನ್ನೇ ಈಗ ಲಾರ್ಡ್ ಒಬ್ಬ ಬರೆದಿದ್ದ. ಜವಾಬ್ದಾರಿ ಸರ್ಕಾರ ಬೇಕೆಂದೂ ಆತ ಸಲಹೆ ಮಾಡಿದ. ಅದನ್ನು ಶಾಂತಿಯಿಂದ ದಶಕದೊಳಗೆ ಗಳಿಸಿದವರು ರಾಬರ್ಟ್ ಬಾಲ್ಡ್‌ವಿನ್ ಮತ್ತು ಲಾಫಾಂಟೇನ್.

ಕೊನೆಯ ವರ್ಷಗಳು

1849ರ ಕ್ಷಮಾದಾನದ ಕಾಯಿದೆಯಿಂದ ಮೆಕೆಂಜಿಗೆ ಹಿಂದಿರುಗುವ ದಾರಿ ತೆರೆಯಿತು. 1850ರಲ್ಲಿ ಟೊರಾಂಟೊಗೆ ಬಂದು, ಮರುವರ್ಷ ಹಾಲ್ಡಿಮಂಡ್ ಕ್ಷೇತ್ರದಿಂದ ಶಾಸನಸಭೆಗೆ ಆರಿಸಿ ಬಂದ. ಆತ ಸಭೆಯಲ್ಲಿ ಕುಳಿತಿದ್ದಾಗಲೇ, 1854ರಲ್ಲಿ, ಕ್ಲರ್ಜಿ ರಿಸರ್ವ್ ರದ್ದಾಯಿತು. ಆಗಲೇ ವೇತನ ಪಡೆಯುತ್ತಿದ್ದ ಪಾದ್ರಿಗಳ ಹಕ್ಕನ್ನು ಕಾಪಾಡಿ, ಉಳಿದ ಹಣವನ್ನು ಪುರಸಭೆಗಳಿಗೆ ಹಂಚಲು ತೀರ್ಮಾನವಾಯಿತು. ಈ ಕಾಯಿದೆ ತಂದ ಸರ್ಕಾರದ ಮುಖ್ಯಸ್ಥ ಯಾರು? ಕೆರೊಲೈನ್ ಹಡಗನ್ನು ಸುಡಿಸಿದ ಅದೇ ಮ್ಯಾಕ್‌ನಾಬ್! ನ್ಯಾಯ ಕೆಲವೊಮ್ಮೆ ಇಂಥವರ ಕೈಯಿಂದಲೂ ಬರುತ್ತದೆ. ನಮ್ಮ ಮೈಸೂರು ರಾಜ್ಯದಲ್ಲಿ ಇನಾಂ ರದ್ದತಿಯ ಕಾಯಿದೆಗಳು ಬಂದದ್ದು ಇದಕ್ಕೆ ಸರಿಯಾಗಿ ನೂರು ವರ್ಷಗಳ ಮೇಲೆ: ವೈಯಕ್ತಿಕ ಇನಾಂಗಳಿಗೆ 1954ರದು, ಧಾರ್ಮಿಕ ದತ್ತಿ ಇನಾಂಗಳಿಗೆ 1955ರದು.

1858ರಲ್ಲಿ ಮೆಕೆಂಜಿ ರಾಜೀನಾಮೆ ಕೊಟ್ಟ. ಸ್ನೇಹಿತರು ಚಂದಾ ಎತ್ತಿ ಬಾಂಡ್ ಸ್ಟ್ರೀಟಿನಲ್ಲಿ ಒಂದು ಮನೆ ಕೊಡಿಸಿದರು. ಇಡೀ ಜೀವನ ನೆಲದ ಬಗ್ಗೆ ಜಗಳವಾಡಿದವನಿಗೆ ಸ್ವಂತ ಸೂರು ದಕ್ಕಿದ್ದು ಹೀಗೆ. 1861ರ ಆಗಸ್ಟ್ 28ರಂದು ಆ ಮನೆಯಲ್ಲೇ ಆತ ಕಣ್ಣುಮುಚ್ಚಿದ. ನೆಕ್ರೊಪೊಲಿಸ್ ಸ್ಮಶಾನದಲ್ಲಿ ಆತನ ಸಮಾಧಿಯಿದೆ. ಲೌಂಟ್ ಮತ್ತು ಮ್ಯಾಥ್ಯೂಸರ ಸಮಾಧಿಯೂ ಅದೇ ಸ್ಮಶಾನದಲ್ಲಿದೆ.

ನಮಗೇಕೆ ಈ ಕಥೆ?

ಮೆಕೆಂಜಿಯ ಕಿರಿಯ ಮಗಳ ಮಗ ವಿಲಿಯಂ ಲಯನ್ ಮೆಕೆಂಜಿ ಕಿಂಗ್. ಅಜ್ಜನ ಹೆಸರನ್ನೇ ಹೊತ್ತ ಈತ 1921ರಿಂದ 1948ರ ನಡುವೆ ಒಟ್ಟು ಸುಮಾರು 22 ವರ್ಷ ಕೆನಡಾದ ಪ್ರಧಾನಿಯಾಗಿದ್ದ. ಇದೇ ಕಿಂಗ್ 1908ರಲ್ಲಿ ಅಧಿಕಾರಿಯಾಗಿದ್ದಾಗ ಭಾರತೀಯರ ವಲಸೆಯನ್ನು ತಡೆಯುವ ನೀತಿಯನ್ನು ಸಮರ್ಥಿಸಿ ವರದಿ ಬರೆದಿದ್ದ. ಅಜ್ಜನಂಥ ಬಡ ವಲಸೆಗಾರನಿಗೆ ತೆರೆದಿದ್ದ ಬಾಗಿಲು ನಮ್ಮವರಿಗೆ ಮುಚ್ಚಿತ್ತು. ಅದೇ ಕಿಂಗ್ 1947ರ ಜನವರಿಯಲ್ಲಿ ಕೆನಡಾದ ಮೊದಲ ಪೌರತ್ವ ಪತ್ರವನ್ನು ಪಡೆದ. ಇಂದು ನಮ್ಮ ಮನೆಗಳ ಕಪಾಟುಗಳಲ್ಲಿರುವ ಪೌರತ್ವ ಪತ್ರಗಳ ಸಾಲು ಅಲ್ಲಿಂದಲೇ ಆರಂಭ.

ಇನ್ನೊಂದು ಮಾತನ್ನೂ ಮರೆಯಬಾರದು. ಪಾದ್ರಿಗಳಿಗೋ ರೈತರಿಗೋ ಎಂದು ಇವರೆಲ್ಲ ಜಗಳವಾಡಿದ ನೆಲ ಮೊದಲಿಗೆ ಮೂಲನಿವಾಸಿಗಳದ್ದು. ಟೊರಾಂಟೊದ ನೆಲವನ್ನು ಮಿಸಿಸಾಗಾ ಜನರಿಂದ 1787 ಮತ್ತು 1805ರಲ್ಲಿ ಕೊಂಡೆವೆಂದು ಸರ್ಕಾರ ಹೇಳಿತ್ತು. ಕೊಟ್ಟ ಬೆಲೆ ನ್ಯಾಯವಾದುದಲ್ಲವೆಂಬ ವ್ಯಾಜ್ಯ ಇತ್ಯರ್ಥವಾದದ್ದು 2010ರಲ್ಲಿ, 14 ಕೋಟಿ 50 ಲಕ್ಷ ಡಾಲರ್ ಪರಿಹಾರದೊಂದಿಗೆ. ಮೆಕೆಂಜಿಯ ಏಳನೆಯ ಪಾಲಿನ ಲೆಕ್ಕದಲ್ಲಿ ಅವರ ಪಾಲು ಸೇರಿರಲಿಲ್ಲ.

ಮೆಕೆಂಜಿ ದುಡುಕಿನವನು, ಸೋತವನು, ತನ್ನನ್ನು ನಂಬಿದವರನ್ನು ಕಷ್ಟಕ್ಕೆ ಸಿಕ್ಕಿಸಿದವನು. ಆದರೆ ಸಾರ್ವಜನಿಕರ ನೆಲವನ್ನು ಯಾರು, ಯಾರಿಗೆ, ಯಾರನ್ನು ಕೇಳಿ ಕೊಟ್ಟರು ಎಂಬ ಆತನ ಪ್ರಶ್ನೆ ಸೋಲಲಿಲ್ಲ. ಬೆಂಗಳೂರಿನ ಕೆರೆಯಂಗಳಗಳ ಸುದ್ದಿಯನ್ನೂ ಟೊರಾಂಟೊ ಸುತ್ತಲಿನ ಗ್ರೀನ್‌ಬೆಲ್ಟ್ ಸುದ್ದಿಯನ್ನೂ ಒಂದೇ ದಿನ ಓದುವ ನಮಗೆ ಆ ಪ್ರಶ್ನೆ ಎಷ್ಟು ಜೀವಂತವಾಗಿದೆ ಎಂಬುದು ಗೊತ್ತು. ಬಾಂಡ್ ಸ್ಟ್ರೀಟಿನ 82ನೇ ನಂಬರಿನ ಆ ಮನೆಯನ್ನು ಟೊರಾಂಟೊ ನಗರಸಭೆ ವಸ್ತುಸಂಗ್ರಹಾಲಯವಾಗಿ ಉಳಿಸಿಕೊಂಡಿದೆ. ಹಿಂಬದಿಯಲ್ಲಿ ಹಳೆಯ ಕಾಲದ ಮುದ್ರಣಾಲಯವೊಂದನ್ನು ಕಟ್ಟಿದ್ದಾರೆ. ಊರಿನಿಂದ ಬಂದ ಹಿರಿಯರನ್ನು ನಯಾಗರಾ ಜಲಪಾತಕ್ಕೆ ಕರೆದೊಯ್ಯುವ ನಾವು, ಒಂದು ಶನಿವಾರ ಮಕ್ಕಳನ್ನೂ ಹಿರಿಯರನ್ನೂ ಈ ಮನೆಗೂ ಕರೆದುಕೊಂಡು ಹೋಗೋಣ.